ಹಚ್ಚೆಯೂ ಒಂದು ಗಾಯವೇ

ಜಾತ್ರೆ ಮುಗಿಸಿಕೊಂಡು ಬಂದ ಮಗ ಸೆಕೆಯಲ್ಲೂ ತುಂಬುತೋಳಿನ ಅಂಗಿ ಕಳಚಲು ಒಲ್ಲೆ ಎನ್ನುತ್ತಾನೆ. ನಾಲ್ಕನೆಯ ದಿನ ತೋಳು ಬಾತು, ಮೈ ಸುಡತೊಡಗಿದಾಗಲೇ ಮನೆಯವರಿಗೆ ವಿಷಯ ತಿಳಿಯುವುದು. ಹುಡುಗ ಹಚ್ಚೆ ಹಾಕಿಸಿಕೊಂಡಿದ್ದಾನೆ. ಬೈಗುಳಕ್ಕೆ ಹೆದರಿ ಅದನ್ನು ಮುಚ್ಚಿಟ್ಟಿದ್ದಾನೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲ್ಲೂಕಿನ ಯಾವ ಮನೆಯಲ್ಲಾದರೂ ನಡೆಯಬಹುದಾದ ಸಂಗತಿ ಇದು. ತೊಳೆಯದೆ, ಗಾಳಿಯಾಡಲು ಬಿಡದೆ ಬೆವರಿನ ಅಂಗಿಯೊಳಗೆ ಮುಚ್ಚಿಟ್ಟ ಯಾವ ಗಾಯವೂ ಕೀವಾಗದೆ ಇರುವುದು ಕಷ್ಟ.

ಹಚ್ಚೆ ಈ ಸೀಮೆಗೆ ಹೊಸದೇನಲ್ಲ. ಅಜ್ಜಿಯಂದಿರ ಮುಂಗೈ, ಹಣೆ, ಗದ್ದಗಳ ಮೇಲಿನ ಹಸಿರು ಬೊಟ್ಟುಗಳನ್ನು ನೋಡಿದವರಿಗೆ ಇದು ಗೊತ್ತು. ಕೊರವಂಜಿಯರು ಊರೂರು ತಿರುಗಿ, ಕೆಲವು ಸೂಜಿಗಳನ್ನು ಒಟ್ಟಿಗೆ ಕಟ್ಟಿ, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ಚುಚ್ಚುತ್ತಿದ್ದರು. ಕೊರವ ಹೆಂಗಸರ ಈ ಕಸುಬನ್ನು ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ದಾಖಲಿಸಿದ್ದಾರೆ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಳೆಯ ಮನುಷ್ಯನ ದೇಹದ ಮೇಲೂ 61 ಹಚ್ಚೆ ಗುರುತುಗಳಿವೆ. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓರೈಲಿ 1891ರಲ್ಲಿ ವಿದ್ಯುತ್ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಕೈಯ ಕೆಲಸ ಯಂತ್ರಕ್ಕೆ ಬಂತು. ಅಂಥ ಯಂತ್ರಗಳೇ ಈಗ ಜಾತ್ರೆಯ ಅಂಗಡಿಗಳಿಗೂ ಬಂದಿವೆ.

ಹಾಗಾದರೆ ಹಚ್ಚೆ ಅಳಿಸುವುದಿಲ್ಲವೇಕೆ? ಚರ್ಮದ ಹೊರಪದರದ ಹಳೆಯ ಕೋಶಗಳು ಸತ್ತು ಉದುರಿ, ಸುಮಾರು ಒಂದು ತಿಂಗಳಲ್ಲಿ ಆ ಪದರ ಹೊಸದಾಗುತ್ತದೆ. ಬಣ್ಣ ಅಲ್ಲಷ್ಟೇ ನಿಂತಿದ್ದರೆ ಮದರಂಗಿಯಂತೆ ಮಾಸಿಹೋಗುತ್ತಿತ್ತು. ಹಚ್ಚೆಯ ಸೂಜಿ ಒಂದೆರಡು ಮಿಲಿಮೀಟರ್ ಆಳಕ್ಕಿಳಿದು ಒಳಚರ್ಮಕ್ಕೆ ಬಣ್ಣ ಸೇರಿಸುತ್ತದೆ. ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಅಲ್ಲಿಗೆ ಧಾವಿಸಿ ಆ ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಒಂದು ಕೋಶ ಸತ್ತರೆ ಹೊರಬಿದ್ದ ಬಣ್ಣವನ್ನು ಮತ್ತೊಂದು ನುಂಗುತ್ತದೆ ಎಂದು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಬಣ್ಣ ಒಳಗೆ ಉಳಿಯುವ ಗುಟ್ಟು ಇದು. ಆದರೆ ಯಂತ್ರದ ಸೂಜಿ ನಿಮಿಷಕ್ಕೆ ನೂರಾರು ಸಲ ಚುಚ್ಚಿ ಮಾಡಿದ ತೂತುಗಳು ರೋಗಾಣುಗಳಿಗೂ ತೆರೆದ ಬಾಗಿಲೇ. ಅವು ಮುಚ್ಚುವವರೆಗಿನ ಎರಡು-ಮೂರು ವಾರ ಎಚ್ಚರ ಬೇಕು.

ಮೊದಲ ಕೆಲವು ಗಂಟೆ ಗಾಯದ ಮೇಲೆ ಶುಭ್ರವಾದ ಪಟ್ಟಿ ಇರಲಿ. ಅನಂತರ ಸಾಬೂನಿನಿಂದ ಕೈ ತೊಳೆದುಕೊಂಡು, ಪಟ್ಟಿ ತೆಗೆದು, ಕುದಿಸಿ ಆರಿಸಿದ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ಗಾಯವನ್ನು ಹಗುರವಾಗಿ ತೊಳೆಯಬೇಕು. ತಿಕ್ಕಬಾರದು. ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆಯಿಂದ ಒತ್ತಿ ಒರೆಸಬೇಕು. ಮನೆಮಂದಿಯೆಲ್ಲ ಬಳಸುವ ಟವೆಲ್ ಬೇಡ. ಮೇಲೆ ವ್ಯಾಸಲೀನಿನಂಥ ಮುಲಾಮನ್ನು ತೆಳ್ಳಗೆ ಸವರಿದರೆ ಸಾಕು. ದಪ್ಪಗೆ ಮೆತ್ತಿದರೆ ಗಾಯ ಒದ್ದೆಯಾಗಿಯೇ ಉಳಿಯುತ್ತದೆ. ದಿನಕ್ಕೆ ಎರಡು-ಮೂರು ಬಾರಿ ಹೀಗೆ ಮಾಡಿ, ಸಡಿಲವಾದ ಹತ್ತಿಯ ಬಟ್ಟೆ ತೊಡಬೇಕು.

ನಾಲ್ಕಾರು ದಿನಗಳಲ್ಲಿ ತೆಳುವಾದ ಹಕ್ಕಳೆ ಕಟ್ಟಿ ತುರಿಕೆ ಶುರುವಾಗುತ್ತದೆ. ಮಕ್ಕಳು ಸೋಲುವುದು ಇಲ್ಲಿಯೇ. ಹಕ್ಕಳೆಯನ್ನು ಉಗುರಿನಿಂದ ಕಿತ್ತರೆ ಬಣ್ಣವೂ ಕಿತ್ತುಬರುತ್ತದೆ, ಹೊಸ ಗಾಯವೂ ಆಗುತ್ತದೆ.

ಗಾಯ ಮಾಯುವವರೆಗೆ ಈಜು ಬೇಡ. ಇಂಡಿ, ಸಿಂದಗಿಯ ಕಡೆ ಭೀಮೆ, ಮುದ್ದೇಬಿಹಾಳ, ಬಾಗೇವಾಡಿಯ ಕಡೆ ಕೃಷ್ಣೆ, ಎಲ್ಲೆಡೆ ಬಾವಿ-ಕಾಲುವೆಗಳು ಹುಡುಗರನ್ನು ಕರೆಯುತ್ತವೆ. ಆ ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ. ಮಣ್ಣು ಮತ್ತು ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಆದ್ದರಿಂದ ಹೊಲ, ಕೊಟ್ಟಿಗೆಯ ಕೆಲಸದಲ್ಲಿ ಗಾಯ ಮುಚ್ಚಿರಲಿ. 10 ಮತ್ತು 16 ವರ್ಷಕ್ಕೆ ಹಾಕುವ ಟಿಡಿ ಲಸಿಕೆ ತಪ್ಪಿದ್ದರೆ ಹಾಕಿಸಬೇಕು. ಬೂದಿ, ಸುಣ್ಣ, ಅಡುಗೆಮನೆಯ ಅರಿಸಿನಪುಡಿ ಹಚ್ಚಬಾರದು. ಡಬ್ಬಿಯ ಅರಿಸಿನ ರೋಗಾಣುರಹಿತವಲ್ಲ. ಲಿಂಬೆಗೆ ಹೆಸರಾದ ಇಂಡಿಯವರಿಗೆ ಇನ್ನೊಂದು ಮಾತು: ಗಾಯಕ್ಕೆ ಲಿಂಬೆರಸ ಹಿಂಡಬಾರದು. ಲಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ತಗುಲಿದರೆ ಸುಟ್ಟಂತೆ ಬೊಬ್ಬೆ ಏಳುವುದುಂಟು.

ಮೊದಲ ಎರಡು-ಮೂರು ದಿನ ಸ್ವಲ್ಪ ಕೆಂಪು, ಬಾವು, ನೋವು ಸಹಜ. ಅವು ಇಳಿಯದೆ ಏರುತ್ತ ಹೋದರೆ, ಕೀವು ಬಂದರೆ, ಜ್ವರ ಕಾಣಿಸಿಕೊಂಡರೆ, ಗಾಯದಿಂದ ಕೆಂಪು ಗೆರೆ ಹೊರಟರೆ, ಕಂಕುಳಲ್ಲಿ ಗಡ್ಡೆ ಎದ್ದರೆ ಅಂದೇ ವೈದ್ಯರ ಬಳಿ ಹೋಗಬೇಕು.

ಕಣ್ಣಿಗೆ ಕಾಣದ ಅಪಾಯ ಸೂಜಿಯದ್ದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ ಏಳು ದಿನ ಬದುಕಿರಬಲ್ಲದು. ಹೆಪಟೈಟಿಸ್ ಸಿ, ಎಚ್‌ಐವಿ ಕೂಡ ಒಬ್ಬರಿಗೆ ಚುಚ್ಚಿದ ಸೂಜಿಯಿಂದ ಇನ್ನೊಬ್ಬರಿಗೆ ದಾಟಬಹುದು. ಹೊಸ ಸೂಜಿಯ ಪೊಟ್ಟಣವನ್ನು ಕಣ್ಣೆದುರಿಗೆ ಒಡೆಯದ ಕಡೆ ಕೈ ಚಾಚಬಾರದು. ಬಣ್ಣದ ಬಟ್ಟಲೂ ಪ್ರತಿಯೊಬ್ಬರಿಗೆ ಬೇರೆಯಾಗಿರಬೇಕು. ಅನುಮಾನವಿದ್ದರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ ನಡೆದದ್ದನ್ನು ಹೇಳಬೇಕು. ಅಲ್ಲಿನ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಹೆಸರೂ ಗುಟ್ಟಾಗಿರುತ್ತದೆ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನ ಮಾಡಬಾರದೆಂಬ ನಿಯಮವಿರುವುದೂ ಈ ಕಾರಣದಿಂದಲೇ.

ಸೇನೆ ಸೇರುವ ಆಸೆಯುಳ್ಳವರಿಗೂ ಒಂದು ಎಚ್ಚರಿಕೆ. ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಯ ಒಳಭಾಗ ಹಾಗೂ ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಶಾಶ್ವತ ಹಚ್ಚೆ ಇದ್ದವರನ್ನು ಭೂಸೇನೆಯ ಭರ್ತಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಸಂಪ್ರದಾಯದ ಹಚ್ಚೆಯುಳ್ಳ ಬುಡಕಟ್ಟಿನವರಿಗೆ ಮಾತ್ರ ವಿನಾಯಿತಿ ಉಂಟು.

ಮಕ್ಕಳು ಹಾಕಿಸಿಕೊಳ್ಳುವ ಮುನ್ನ ಮನೆಯಲ್ಲಿ ಕೇಳುವುದು ಒಳ್ಳೆಯದು. ಕೇಳದೆ ಹಾಕಿಸಿಕೊಂಡಿದ್ದರೆ ಅಂದೇ ಹೇಳುವುದು ಅದಕ್ಕಿಂತ ಅಗತ್ಯ. ಹೆತ್ತವರೂ ಒಂದು ಮಾತು ನೆನಪಿಡಬೇಕು. ಬೈಯುವುದಕ್ಕೆ ಮುಂದೆ ದಿನಗಳಿವೆ. ಗಾಯ ತೊಳೆಯುವುದಕ್ಕೆ ಇಂದೇ ಸರಿಯಾದ ದಿನ. ಅಂಗಳದಲ್ಲಿ ಕುಳಿತ ಅಜ್ಜಿ, ತನ್ನ ಮುಂಗೈಯ ಹಸಿರು ಬೊಟ್ಟು ಸವರಿಕೊಳ್ಳುತ್ತ, "ಹಕ್ಕಳಿ ಕೀಳಬ್ಯಾಡೋ ಯಪ್ಪಾ, ತಾನ ಉದುರ್ತೈತಿ" ಎಂದರೆ, ಆ ಮಾತಿಗೆ ವಿಜ್ಞಾನವೂ ಹೂಂಗುಟ್ಟುತ್ತದೆ.