ಹಳೆಯ ಕಾರುಗಳ ಪಾಠನಿರ್ಣಯ

ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು. ಮಾಲೂರು ತಾಲ್ಲೂಕಿನ ನೊಣಮಂಗಲದ ಬಸದಿಯ ಅವಶೇಷಗಳಲ್ಲಿ ದೊರೆತ ಗಂಗರ ತಾಮ್ರಪಟಗಳು ಆ ಸಂಪುಟದಲ್ಲಿವೆ. ಗಂಗರ ತಾಮ್ರಪಟಗಳ ಪ್ರಾಮಾಣ್ಯವನ್ನು ಕುರಿತು ರೈಸ್ ಮತ್ತು ಜೆ.ಎಫ್. ಫ್ಲೀಟ್ ಅವರ ನಡುವೆ ನಡೆದ ದೀರ್ಘ ವಾಗ್ವಾದ ಶಾಸನಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ. ಫ್ಲೀಟರು ಅವುಗಳಲ್ಲಿ ಅನೇಕವನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು. ರೈಸರು ಅವುಗಳ ಪರವಾಗಿ ನಿಂತರು. ಲಿಪಿ ಹೇಳುವ ಕಾಲಕ್ಕೂ ತಾಮ್ರಪಟದಲ್ಲಿ ನಮೂದಾದ ಕಾಲಕ್ಕೂ ಹೊಂದಿಕೆಯಿದೆಯೇ, ವಂಶಾವಳಿಗೆ ಬೇರೆ ಆಧಾರಗಳ ಬೆಂಬಲವಿದೆಯೇ ಎಂಬ ಪ್ರಶ್ನೆಗಳು ಆ ಚರ್ಚೆಯಿಂದ ಮೊನಚಾದವು.

ಈ ಪ್ರಶ್ನೆಗಳನ್ನು ನಾವು ತಾಮ್ರಪಟಕ್ಕೆ ಕೇಳುತ್ತೇವೆ, ಓಲೆಗರಿಗೆ ಕೇಳುತ್ತೇವೆ. ಐವತ್ತು, ಎಂಬತ್ತು ವರ್ಷ ಹಳೆಯದಾದ ಒಂದು ಕಾರಿಗೆ ಕೇಳುವುದಿಲ್ಲ. ಕೇಳಬೇಕೆಂಬುದು ಈ ಲೇಖನದ ವಾದ. ಕಾರಣವೂ ಸಮೀಪದಲ್ಲಿಯೇ ಇದೆ. ನರಸಾಪುರ ಮತ್ತು ವೇಮಗಲ್ ಭಾಗದಲ್ಲಿ ಕೈಗಾರಿಕಾ ಪ್ರದೇಶಗಳು ಬಂದಿವೆ. 2013ರಿಂದ ನರಸಾಪುರದಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ. ಜಮೀನು ಕೈಬದಲಾದಂತೆ ಹಳೆಯ ಮನೆ, ಕೊಟ್ಟಿಗೆಗಳು ನೆಲಸಮವಾಗುತ್ತವೆ. ಅಲ್ಲಿ ನಿಂತಿದ್ದ ಜೀಪು, ಅಂಬಾಸಿಡರ್, ಫಿಯೆಟ್ ಕಾರುಗಳು ಗುಜರಿಯವರ ತಕ್ಕಡಿಯನ್ನು ಏರುತ್ತವೆ. ಹೊಸ ವಾಹನ ಹುಟ್ಟುವ ನೆಲದಲ್ಲಿಯೇ ಹಳೆಯ ವಾಹನದ ಬೆಲೆ ಕಿಲೋ ಲೆಕ್ಕದಲ್ಲಿ ನಿರ್ಣಯವಾಗುತ್ತಿದೆ.

ಹಳೆಯ ವಾಹನವನ್ನು ಗುರುತಿಸುವ ಕ್ರಮಕ್ಕೂ ಪಾಠನಿರ್ಣಯದ ಕ್ರಮಕ್ಕೂ ಇರುವ ಹತ್ತಿರದ ನಂಟನ್ನು ಎರಡು ಉದಾಹರಣೆಗಳಿಂದ ತೋರಿಸಬಹುದು. ಮೊದಲನೆಯದು ಎರಡನೆಯ ಮಹಾಯುದ್ಧದ ಜೀಪು. 1941ರಿಂದ 1945ರವರೆಗೆ ಒಂದೇ ವಿನ್ಯಾಸದ ಜೀಪನ್ನು ವಿಲ್ಲೀಸ್ ಮತ್ತು ಫೋರ್ಡ್ ಎಂಬ ಎರಡು ಕಂಪನಿಗಳು ತಯಾರಿಸಿದವು. ಒಟ್ಟು ಆರು ಲಕ್ಷಕ್ಕೂ ಹೆಚ್ಚು. ಮೇಲ್ನೋಟಕ್ಕೆ ಎರಡೂ ಒಂದೇ. ಬಗ್ಗಿ ನೋಡಿದವರಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಚೌಕಟ್ಟಿನ ಮುಂಭಾಗದ ಅಡ್ಡಪಟ್ಟಿ ವಿಲ್ಲೀಸ್ ಜೀಪಿನಲ್ಲಿ ಕೊಳವೆಯಾಕಾರದ್ದು, ಫೋರ್ಡ್ ಜೀಪಿನಲ್ಲಿ ಬೋರಲು ಹಾಕಿದ ದೋಣಿಯಂತಹದು. ಫೋರ್ಡ್ ಕಂಪನಿ ತನ್ನ ಬೋಲ್ಟುಗಳ ತಲೆಯ ಮೇಲೆ ಕೂಡ ‘ಎಫ್’ ಅಕ್ಷರವನ್ನು ಒತ್ತುತ್ತಿತ್ತು. ಒಂದೇ ಕಾವ್ಯವನ್ನು ಬರೆದ ಇಬ್ಬರು ಲಿಪಿಕಾರರನ್ನು ಅಕ್ಷರದ ತಿರುವಿನಿಂದ ಬೇರ್ಪಡಿಸುವ ಸಂಪಾದಕನ ಕಣ್ಣು ಇಲ್ಲಿಯೂ ಬೇಕು.

ಎರಡನೆಯದು ಫೋರ್ಡ್ ಕಂಪನಿಯ ಮಾದರಿ ಟಿ. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿಯಷ್ಟು ತಯಾರಾದ ಈ ಕಾರಿಗೆ ಎಂಜಿನ್ನಿನ ಮೇಲೆ ಒತ್ತಿದ ಸಂಖ್ಯೆಯೇ ಬಹುಕಾಲ ಕಾರಿನ ಸಂಖ್ಯೆಯೂ ಆಗಿತ್ತು. ಎಂಜಿನ್ ಬದಲಾದರೆ ಕಾರಿನ ಗುರುತೇ ಬದಲಾಗುತ್ತದೆ. ಕೊನೆಯ ಗರಿಯಲ್ಲಿ ಮಾತ್ರ ಕವಿಯ ಹೆಸರಿರುವ ಕಾವ್ಯಕ್ಕೆ ಬೇರೊಂದು ಕಟ್ಟಿನ ಕೊನೆಯ ಗರಿ ಬಂದು ಸೇರಿದಂತೆ ಇದು. ಹಾಗಾಗಿ ತಿಳಿದವರು ಒಂದೇ ಸಂಖ್ಯೆಯನ್ನು ನಂಬುವುದಿಲ್ಲ. ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ತಯಾರಕರ ಲೋಹಪಟ್ಟಿ, ಆರ್‌ಸಿ ಪುಸ್ತಕ ಈ ನಾಲ್ಕನ್ನೂ ಎದುರುಬದುರು ಇಟ್ಟು ನೋಡುತ್ತಾರೆ. ನೋಂದಣಿ ಫಲಕವೂ ಕಾಲವನ್ನು ಸೂಚಿಸುತ್ತದೆ. ‘ಎಂವೈ’ ಎಂದು ಆರಂಭವಾಗುವ ಸಂಖ್ಯೆ ಮೈಸೂರು ರಾಜ್ಯದ ಕಾಲದ್ದು. ಕೋಲಾರದ ‘ಕೆಎ 07’ ಬಹಳ ಈಚಿನದು. ಹಳೆಯ ಫಿಯೆಟ್ 1100ರ ಮುಂಬಾಗಿಲಿನ ಕೀಲು ಹಿಂಬದಿಗೆ ಇರುತ್ತಿತ್ತು, ಮುಂದಿನ ಮಾದರಿಗಳಲ್ಲಿ ಅದು ಮುಂಬದಿಗೆ ಬಂದಿತು. ಆರ್‌ಸಿ ಪುಸ್ತಕದ ವರ್ಷ ಒಂದನ್ನು, ಬಾಗಿಲಿನ ಕೀಲು ಇನ್ನೊಂದನ್ನು ಹೇಳಿದರೆ ಅಲ್ಲಿ ಪ್ರಕ್ಷೇಪವಿದೆಯೆಂದು ಶಂಕಿಸಬೇಕು.

ಬಿಡಿಭಾಗಗಳು ಈ ವಿಚಾರದಲ್ಲಿ ಪಾಠಾಂತರಗಳಿದ್ದಂತೆ. ಲೂಕಾಸ್ ದೀಪ, ಸ್ಮಿತ್ಸ್ ಮೀಟರ್, ಸೋಲೆಕ್ಸ್ ಕಾರ್ಬುರೇಟರ್ ಮುಂತಾದವುಗಳ ಮೇಲೆ ತಯಾರಕರ ಹೆಸರು, ಸಂಖ್ಯೆ, ಎಷ್ಟೋ ವೇಳೆ ತಯಾರಾದ ದೇಶದ ಹೆಸರೂ ಇರುತ್ತದೆ. ಒಂದು ಮೀಟರು ಯಾವ ಕಾರಿನಿಂದ ಬಿಚ್ಚಿದ್ದು ಎಂಬ ಮಾಹಿತಿ ಜೊತೆಗಿದ್ದರೆ ಅದೊಂದು ಸಾಕ್ಷ್ಯ; ಇಲ್ಲದಿದ್ದರೆ ಬರಿಯ ಹಳೆಯ ಸಾಮಾನು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಭಾಗವೊಂದನ್ನು ಕೈಯಲ್ಲಿ ಹಿಡಿದೊಡನೆ ಅದರ ಮಾದರಿಯನ್ನು ಹೇಳಬಲ್ಲ ಹಿರಿಯ ಮೇಸ್ತ್ರಿಗಳಿದ್ದಾರೆ. ಉರ್ದು, ತಮಿಳು, ತೆಲುಗು, ಕನ್ನಡ ಬೆರೆತ ಅವರ ಪರಿಭಾಷೆ ಯಾವ ನಿಘಂಟನ್ನೂ ಸೇರಿಲ್ಲ. ವೃತ್ತಿಪದಕೋಶಗಳ ಮಹತ್ತ್ವವನ್ನು ತರಗತಿಯಲ್ಲಿ ಬೋಧಿಸುವ ನಾವು ಗ್ಯಾರೇಜಿನ ಬಾಗಿಲನ್ನು ತಟ್ಟಿಲ್ಲ.

ಇನ್ನು ಬೆಲೆಯ ಪ್ರಶ್ನೆ. 2022ರಲ್ಲಿ 1955ರ ಒಂದು ಮರ್ಸಿಡಿಸ್ ಕಾರು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 13.5 ಕೋಟಿ ಯೂರೋಗಳಿಗೆ ಹರಾಜಾಯಿತು. ಇಂತಹ ಸುದ್ದಿಗಳು ಎರಡು ಭ್ರಮೆಗಳನ್ನು ಹರಡುತ್ತವೆ: ಹಳೆಯದೆಲ್ಲ ಅಮೂಲ್ಯ ಎಂಬುದು ಒಂದು, ಅರಮನೆಯ ಕಾರು ಮಾತ್ರ ಅಮೂಲ್ಯ ಎಂಬುದು ಇನ್ನೊಂದು. ಅಪೂರ್ವತೆ, ಮೂಲಸ್ಥಿತಿ, ದಾಖಲೆಗಳು, ಒಡೆತನದ ಚರಿತ್ರೆ ಇವು ನಾಲ್ಕೂ ಸೇರಿ ಬೆಲೆಯನ್ನು ನಿರ್ಣಯಿಸುತ್ತವೆ. ಇವುಗಳಲ್ಲಿ ಕೊನೆಯದನ್ನು ನಾವು ತೀರ ಅಲಕ್ಷಿಸಿದ್ದೇವೆ. ಅದರ ತೂಕವೇನೆಂಬುದನ್ನು 1990ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ತೋರಿಸಿಕೊಟ್ಟಿತು. 1929 ಮತ್ತು 1930ರ ಲ ಮಾನ್ ಪಂದ್ಯಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಅದರ ಬಹುಪಾಲು ಭಾಗಗಳು ಬದಲಾಗಿವೆ, ಆದ್ದರಿಂದ ಅದು ಆ ಕಾರೇ ಅಲ್ಲವೆಂದು ಹಿಂದೆ ಸರಿದರು. ಅದನ್ನು ಮೂಲರೂಪದ ಕಾರು ಎನ್ನಲಾಗದೆಂದು ನ್ಯಾಯಾಧೀಶರು ಒಪ್ಪಿದರು. ಆದರೆ ಹಂತಹಂತವಾಗಿ ಬದಲಾಗುತ್ತ ಬಂದರೂ ಅದರ ಚರಿತ್ರೆ ಎಲ್ಲಿಯೂ ಕಡಿದಿಲ್ಲ, ಬೇರೆ ಯಾವ ಕಾರೂ ಆ ಹೆಸರಿಗೆ ಹಕ್ಕುದಾರನಲ್ಲ, ಆದ್ದರಿಂದ ಅದು ನಿಜವಾದ ‘ಓಲ್ಡ್ ನಂಬರ್ ಒನ್’ ಹೌದು ಎಂದು ತೀರ್ಪಿತ್ತರು. ಕವಿಯ ಸ್ವಹಸ್ತದ ಪ್ರತಿ ದೊರೆಯದೆ, ಪ್ರತಿಗಳ ಪರಂಪರೆಯನ್ನೇ ನೆಚ್ಚಿ ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿರುವ ನಮಗೆ ಈ ತರ್ಕ ಹೊಸದಲ್ಲ.

ನಮ್ಮ ಕಾನೂನು ಬೇರೊಂದು ತುದಿಯಲ್ಲಿ ನಿಂತಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದಿರುವ, ಚಾಸಿಸ್, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಹೊಂದದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ‘ವಿಂಟೇಜ್’ ವಾಹನಗಳು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹತ್ತು ವರ್ಷಗಳ ಅವಧಿ ಮುಗಿದ ಮೇಲೆ ಮರುನೋಂದಣಿಗೆ 5,000 ರೂಪಾಯಿ. ಈ ವ್ಯಾಖ್ಯೆಯಿಂದ ಒಂದು ಉಪಕಾರವಾಗಿದೆ: 1962ರಿಂದ ತಯಾರಾದ ಸಾಮಾನ್ಯ ಮಾರ್ಕ್ ಎರಡು ಅಂಬಾಸಿಡರ್ ಕೂಡ ಈಗ ಆ ಗೌರವಕ್ಕೆ ಅರ್ಹ. ಆದರೆ ಮೂಲರೂಪ ಯಾವುದೆಂಬುದನ್ನು ಸಾಧಿಸಿ ತೋರಿಸುವುದು ಹೇಗೆ? ಹಳೆಯ ರಸೀದಿ, ಗ್ಯಾರೇಜಿನ ಲೆಕ್ಕದ ಪುಸ್ತಕ, ಮದುವೆಯ ಫೋಟೋದಲ್ಲಿ ಹಿನ್ನೆಲೆಗೆ ನಿಂತ ಕಾರು, ಇವೇ ಆಧಾರಗಳು. ನಮ್ಮ ಮನೆಗಳಲ್ಲಿ ಮೊದಲು ಬೆಂಕಿಗೆ ಬೀಳುವುದೂ ಇವೇ.

ಹೊಸ ಬಣ್ಣ ಬಳಿಸಿ, ಟಿಂಕರಿಂಗ್ ಮಾಡಿಸಿ, ಈ ಕಾಲದ ಎಂಜಿನ್ ಕೂರಿಸಿ ಓಡಿಸುವುದರಲ್ಲಿ ತಪ್ಪೇನು, ಕಾರು ಇರುವುದು ಓಡುವುದಕ್ಕೆ ಅಲ್ಲವೇ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. ನಿಂತಲ್ಲೇ ತುಕ್ಕು ಹಿಡಿಯುವುದಕ್ಕಿಂತ ಓಡುವುದು ಮೇಲು. ಓದುಗರಿಗಾಗಿ ಹಳಗನ್ನಡವನ್ನು ಹೊಸಗನ್ನಡಕ್ಕೆ ತರುವುದೂ ಸತ್ಕಾರ್ಯವೇ. ಆದರೆ ಗದ್ಯಾನುವಾದ ಮುಗಿಯಿತೆಂದು ಯಾರೂ ಓಲೆಗರಿಯನ್ನು ಒಲೆಗೆ ಹಾಕುವುದಿಲ್ಲ. ಬದಲಿಸಿದ್ದನ್ನು ಬರೆದಿಡಬೇಕು, ಬಿಚ್ಚಿದ ಭಾಗವನ್ನು ಚೀಟಿ ಕಟ್ಟಿ ಕಾಪಾಡಬೇಕು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ರೂಪಿಸಿರುವ ತುರಿನ್ ಸನ್ನದಿನ ಆಶಯವೂ ಇದೇ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ನನಗೆ ಈ ಕಾರಣದಿಂದ ಮುಖ್ಯವೆನಿಸುತ್ತದೆ. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದಲ್ಲಿ ಓಲೆಗರಿಗಳಿಗೂ ಹಳೆಯ ಕಾರುಗಳಿಗೂ ಸಮಾನ ಆದರ ದೊರೆತಿದೆ; ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯಲ್ಲಿರುವ ‘ಪಯಣ’ ಕಾರುಗಳಿಗಾಗಿಯೇ ರೂಪುಗೊಂಡಿದೆ. ಆದರೆ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರಗಳ ಕೊಟ್ಟಿಗೆಗಳಲ್ಲಿ ನಿಂತಿರುವುದೆಲ್ಲ ಸಂಗ್ರಹಾಲಯಕ್ಕೆ ಹೋಗಲಾರದು, ಹೋಗಬೇಕಾಗಿಯೂ ಇಲ್ಲ. ಅವುಗಳ ಚರಿತ್ರೆ ಮಾತ್ರ ದಾಖಲಾಗಬೇಕು.

ಇದು ನಮ್ಮ ಕಾಲೇಜುಗಳಿಂದ ಆಗಬಹುದಾದ ಕೆಲಸ. ಹಸ್ತಪ್ರತಿ ಸರ್ವೇಕ್ಷಣೆಗೆ ಹೊರಡುವ ವಿದ್ಯಾರ್ಥಿಗಳು ಒಂದು ಪುಟವನ್ನು ಹೆಚ್ಚಿಗೆ ಒಯ್ದರೆ ಸಾಕು: ವಾಹನದ ಹೆಸರು, ಮೂರು ಸಂಖ್ಯೆಗಳು, ಬಂದ ವರ್ಷ, ಕೈಬದಲಾದ ಕ್ರಮ, ಬದಲಿಸಿದ ಭಾಗಗಳು, ದುರಸ್ತಿ ಮಾಡಿದ ಮೇಸ್ತ್ರಿ ಹೇಳಿದ ಮಾತು. ಮಾಲೀಕರು ಆಮೇಲೆ ಅದನ್ನು ಮಾರಲಿ, ಇಟ್ಟುಕೊಳ್ಳಲಿ, ಅದು ಅವರ ಇಚ್ಛೆ. ಗುಜರಿಯವರಿಗೆ ಒಪ್ಪಿಸುವ ಮುನ್ನ ಲೋಹಪಟ್ಟಿಯ ಒಂದು ಫೋಟೋವನ್ನಾದರೂ ತೆಗೆದಿಡುವಂತೆ ಅವರನ್ನು ಕೇಳಿಕೊಳ್ಳೋಣ.