ಕಬ್ಬಿನ ಟ್ರ್ಯಾಕ್ಟರಿಗೆ ಕ್ಲಚ್ಚೋ, ಕನ್ವರ್ಟರೋ?

ಕಬ್ಬು ನುರಿಸುವ ಹಂಗಾಮು ಶುರುವಾದರೆ ಚಿಕ್ಕೋಡಿ, ರಾಯಬಾಗ, ಅಥಣಿಯ ಹೊಲಗಳಿಂದ ಉಗಾರ, ಕೆಂಪವಾಡ, ನಿಪ್ಪಾಣಿಯ ಕಾರ್ಖಾನೆಗಳತ್ತ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಬಹುಪಾಲು ಕ್ಲಚ್ ತುಳಿದು, ಕೈಯಿಂದ ಗೇರು ಹಾಕುವಂಥವು. ಅದೇ ಊರುಗಳಲ್ಲಿ ದುಡಿಯುವ ಜೆಸಿಬಿಗೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರ್ ಉಂಟು. 402 ಮೀಟರಿನ ಡ್ರ್ಯಾಗ್ ರೇಸಿಗಿಳಿಯುವ ಅನೇಕ ಕಾರುಗಳೂ ಅದನ್ನೇ ನೆಚ್ಚಿವೆ. ಹಾಗಾದರೆ ಕಬ್ಬಿನ ಟ್ರ್ಯಾಕ್ಟರಿಗೆ ಅದೇಕೆ ಬೇಡ?

ಬೇಕೆನ್ನುವವರ ವಾದ ಗಟ್ಟಿಯಾಗಿದೆ. ಜರ್ಮನಿಯ ಹರ್ಮನ್ ಫೊಟಿಂಗರ್ 1905ರಲ್ಲಿ ಪೇಟೆಂಟ್ ಪಡೆದ ತತ್ವದಂತೆ, ಕನ್ವರ್ಟರಿನಲ್ಲಿ ಎಂಜಿನ್ ತಿರುಗಿಸುವ ಚಕ್ರ ಎಣ್ಣೆಯನ್ನು ಎದುರಿನ ಚಕ್ರದ ಮೇಲೆ ಚಿಮ್ಮಿಸುತ್ತದೆ. ನಡುವಿನ ಸ್ಟೇಟರ್ ಮರಳಿ ಬರುವ ಎಣ್ಣೆಯ ದಿಕ್ಕು ತಿರುಗಿಸಿ ಬಲ ಕೂಡಿಸುತ್ತದೆ. ನಿಂತಲ್ಲಿಂದ ಹೊರಡುವ ಕ್ಷಣದಲ್ಲಿ ಎಳೆತ ಸುಮಾರು ಇಮ್ಮಡಿಯಾಗಬಲ್ಲದು. ಹಸಿ ಎರೆಮಣ್ಣಿನಲ್ಲಿ ಹೂತ ಗಾಡಿಗೆ, ತವಂದಿ ಘಾಟಿನಂಥ ಏರಿನಲ್ಲಿ ನಿಂತು ಹೊರಡುವ ಗಾಡಿಗೆ ಇದು ದೊಡ್ಡ ಆಸರೆ. ಕ್ಲಚ್ ಪ್ಲೇಟ್ ಸುಡುವುದು ತಪ್ಪುತ್ತದೆ, ಚಾಲಕನ ಕಾಲಿಗೂ ಬಿಡುವು.

ಬೇಡವೆನ್ನುವವರ ಮಾತಿಗೂ ಅಷ್ಟೇ ತೂಕವಿದೆ. ಎಣ್ಣೆ ಜಾರಿದಷ್ಟೂ ಡೀಸೆಲ್ ಶಾಖವಾಗಿ ಹೋಗುತ್ತದೆ. ರೇಸಿನ ಕಾರಿನ ಓಟ ಕೆಲವೇ ಸೆಕೆಂಡು. ಕಬ್ಬಿನ ಗಾಡಿಯದು ತಾಸುಗಟ್ಟಲೆ. ಲಾಕ್‌ಅಪ್ (ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಏರ್ಪಾಡು) ಇಲ್ಲದ ಕನ್ವರ್ಟರ್ ಇಳಿಜಾರಿನಲ್ಲಿ ಎಂಜಿನ್ನಿನ ಹಿಡಿತವನ್ನೂ ಸಡಿಲಿಸುತ್ತದೆ. ಹಿಂದೆ ಎರಡು ಟ್ರೇಲರ್ ಇದ್ದಾಗ ಅದು ಅಪಾಯ. ಕ್ಲಚ್ ಪ್ಲೇಟನ್ನು ತಾಲ್ಲೂಕಿನ ಮಿಸ್ತ್ರಿಯೇ ಬದಲಿಸಬಲ್ಲ. ಕನ್ವರ್ಟರ್ ಕೆಟ್ಟರೆ ಅಷ್ಟು ಸುಲಭವಿಲ್ಲ. ಹಂಗಾಮಿನ ನಡುವೆ ಗಾಡಿ ನಿಂತರೆ ಬಾಡಿಗೆಯೂ ಹೋಯಿತು, ಕಡಿದ ಕಬ್ಬಿನ ತೂಕವೂ ಇಳಿಯಿತು.

ರೇಸಿನ ಅನುಭವ ಪೂರ್ತಿ ನಿರುಪಯೋಗಿ ಎನ್ನಲಾಗದು. ಗಾಲಿ ಕದಲದಂತೆ ಹಿಡಿದಾಗ ಎಂಜಿನ್ ಏರಬಲ್ಲ ಗರಿಷ್ಠ ವೇಗವನ್ನು ಸ್ಟಾಲ್ ವೇಗ ಎನ್ನುತ್ತಾರೆ. ಅದು ಎಂಜಿನ್ನಿನ ಬಲ ಹೆಚ್ಚಿರುವ ವೇಗಕ್ಕೆ ಹೊಂದಬೇಕೆಂಬುದು ರೇಸಿನವರ ಪಾಠ: ತೀರ ಕಡಿಮೆಯಾದರೆ ಎಂಜಿನ್ ಮುಗ್ಗರಿಸುತ್ತದೆ, ತೀರ ಹೆಚ್ಚಾದರೆ ಎಣ್ಣೆ ಕಾಯುತ್ತದೆ. ಆದರೆ ಅವರ ಪೆಟ್ರೋಲ್ ಎಂಜಿನ್ನಿಗೆ ನಿಮಿಷಕ್ಕೆ 4,000ಕ್ಕೂ ಮಿಕ್ಕಿದ ಸುತ್ತು ಸರಿಹೋದರೆ, ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ನಿಗೆ ಬಲ ಕೂಡುವುದು ಸಾಮಾನ್ಯವಾಗಿ 1,200–1,500ರ ಆಸುಪಾಸಿನಲ್ಲಿ. ಲೆಕ್ಕದ ರೀತಿ ಒಂದೇ ಇರಬಹುದು, ಅಂಕಿಗಳನ್ನು ಎರವಲು ತರಲಾಗದು.

ಎರಡೂ ಕಡೆ ಪ್ರಾಮಾಣಿಕ ಅನುಭವ ಇರುವುದರಿಂದ ತೀರ್ಪಿಗೆ ಅವಸರ ಸಲ್ಲದು. ಒಂದೇ ಟ್ರ್ಯಾಕ್ಟರಿನಿಂದ ಉಳುಮೆಯನ್ನೂ ಸಾಗಣೆಯನ್ನೂ ನಡೆಸುವ ಸಣ್ಣ ರೈತನಿಗೆ ಸದ್ಯ ಕ್ಲಚ್ಚೇ ಮೇಲೆಂದು ತೋರುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಸಿಕ್ಕರೆ ಬಾಳಿಕೆ ಇನ್ನೂ ಹೆಚ್ಚಬಹುದು. ಹಂಗಾಮಿಡೀ ಸಾಗಣೆಯನ್ನೇ ನಂಬಿದ ದೊಡ್ಡ ಗುತ್ತಿಗೆದಾರರು ಮಾತ್ರ ಲಾಕ್‌ಅಪ್ ಮತ್ತು ಎಣ್ಣೆ ತಂಪುಗೊಳಿಸುವ ಕೂಲರ್ ಇರುವ ಕನ್ವರ್ಟರನ್ನು ಒಂದೆರಡು ಗಾಡಿಗಳಲ್ಲಿ ಪರೀಕ್ಷಿಸಿ, ಡೀಸೆಲ್ ಮತ್ತು ದುರಸ್ತಿಯ ಲೆಕ್ಕವಿಡಲಿ. ಆ ಲೆಕ್ಕ ಕೈಸೇರಿ, ದುರಸ್ತಿ ಬಲ್ಲವರು ತಾಲ್ಲೂಕಿನಲ್ಲೇ ಸಿಗುವಂತಾದ ಮೇಲೆ ಉಳಿದವರು ಯೋಚಿಸಿದರೆ ತಡವೇನೂ ಆಗದು.