ರಾಮಕಿಂಕರ್ ‘ಹುಟ್ಟು ಪ್ರತಿಭೆ’ಯಂತೆ!



ಬಂಗಾಳದ ಚಿತ್ರಕಾರ, ಶಿಲ್ಪಿ, ಮೇಷ್ಟ್ರು ರಾಮಕಿಂಕರ್ ಬೈಜ್ (1906–1980) ಅವರ ಮಾತು ಬಂದರೆ ಸಾಕು, ಕಲೆಯ ಬಗ್ಗೆ ಮಾತಾಡೋರ ಬಾಯಲ್ಲಿ ಮೂರು ಪದ ರೆಡಿ ಇರ್ತವೆ. ಅಲೆಮಾರಿ, ಕುಡುಕ, ಹುಟ್ಟು ಪ್ರತಿಭೆ. ಮೊದಲಿನ ಎರಡು ಬಿಡಿ. ಯಾರ್ಯಾರು ಎಷ್ಟೆಷ್ಟು ಕುಡೀತಿದ್ರು ಅಂತ ಲೆಕ್ಕಕ್ಕೆ ಕೂತರೆ ದೊಡ್ಡ ಮನೆತನದ ಕಲಾವಿದರ ಪಟ್ಟಿಯೇ ಉದ್ದ ಆಗತ್ತೆ. ನನ್ನ ತಕರಾರು ಇರೋದು ಮೂರನೆಯದರ ಮೇಲೆ.

ಬಾಂಕುರಾದ ಬಡ ಕ್ಷೌರಿಕ ಕುಟುಂಬದ ಹುಡುಗ. ಮನೆತನದ ಹೆಸರು ಪರಾಮಾಣಿಕ್. ಬೈಜ್ ಆಮೇಲೆ ಬಂದದ್ದು. ಅಡ್ಡಹೆಸರು ಯಾಕೆ ಬದಲಾಗತ್ತೆ ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. (ಅವರು ದಲಿತರಲ್ಲ, ಅದನ್ನೂ ಹೇಳಿಬಿಡ್ತೀನಿ. ಕಂಡವರನ್ನೆಲ್ಲ ನಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳೋ ಚಟ ನನಗಿಲ್ಲ.) ಚಿಕ್ಕಂದಿನಲ್ಲೇ ಕುಂಬಾರರ ಕೈ ನೋಡ್ತಾ, ಅನಂತ ಸೂತ್ರಧಾರ್ ಅನ್ನೋ ಮೂರ್ತಿ ಮಾಡೋ ಕಸುಬುದಾರರ ಹತ್ರ ಕಲೀತಾ ಬೆಳೆದರು. ಅಸಹಕಾರ ಚಳವಳಿಗೆ ಪೋಸ್ಟರ್ ಬರೆದರು. ಇದನ್ನು ಓದಿದಾಗೆಲ್ಲ ನಮ್ಮ ದಸಂಸ ಗೋಡೆಬರಹದ ಹುಡುಗರು ಕಣ್ಮುಂದೆ ಬರ್ತಾರೆ, ಕೈಯೆಲ್ಲ ನೀಲಿ ಬಣ್ಣ. ‘ಪ್ರವಾಸಿ’ ಪತ್ರಿಕೆಯ ಸಂಪಾದಕ ರಾಮಾನಂದ ಚಟರ್ಜಿ ಗುರುತಿಸಿದ ಮೇಲೆ 1925ರಲ್ಲಿ ಶಾಂತಿನಿಕೇತನಕ್ಕೆ ಬಂದರು, ನಂದಲಾಲ್ ಬೋಸರ ಶಿಷ್ಯರಾದರು.

ಅಂದರೆ ಶಾಂತಿನಿಕೇತನದ ಮೆಟ್ಟಿಲು ಹತ್ತೋ ಹೊತ್ತಿಗೆ ಕೈ ಪಳಗಿತ್ತು. ಅದನ್ನು ಯಾರೂ ಶಿಕ್ಷಣ ಅಂತ ಕರೆಯಲ್ಲ. ಮೇಲ್ಜಾತಿ ಹುಡುಗ ಗುರುವಿನ ಕಾಲ ಬುಡದಲ್ಲಿ ಕೂತರೆ ಅದು ಪರಂಪರೆ. ಕ್ಷೌರಿಕರ ಹುಡುಗ ಮೂರ್ತಿ ಮಾಡೋರ ಹತ್ರ ಕೂತು ಕಲಿತರೆ ಹುಟ್ಟು ಪ್ರತಿಭೆ! ಹೊಗಳಿದ ಹಾಗೇ ಇರತ್ತೆ, ಆದರೆ ಅವನ ದುಡಿಮೆಯನ್ನೂ ಅವನಿಗೆ ಕಲಿಸಿದವರನ್ನೂ ಒಂದೇ ಏಟಿಗೆ ಒರೆಸಿ ಹಾಕತ್ತೆ.

1938ರ ‘ಸಂತಾಲ ಕುಟುಂಬ’ದ ಫೋಟೋ ಆದರೂ ನೋಡಿ. ಗಂಡ, ಹೆಂಡತಿ, ಮಕ್ಕಳು, ಜೊತೆಗೊಂದು ನಾಯಿ. ಇರೋ ಅಷ್ಟೂ ಸಂಸಾರ ಹೊತ್ತು ಕೆಲಸ ಹುಡುಕಿ ಹೊರಟಿದ್ದಾರೆ. ಆಳೆತ್ತರಕ್ಕಿಂತ ದೊಡ್ಡ ಆಕೃತಿಗಳು. ದೇವರಿಗೆ, ರಾಜನಿಗೆ, ಬ್ರಿಟಿಷ್ ಅಧಿಕಾರಿಗೆ ಮೀಸಲಾಗಿದ್ದ ಎತ್ತರವನ್ನು ಕೂಲಿಯವರಿಗೆ ಕೊಟ್ಟರು. ಕಂಚಿಗೆ ದುಡ್ಡೆಲ್ಲಿ? ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಆ ಸೀಮೆಯ ಕೆಂಪು ಜಂಬಿಟ್ಟಿಗೆಯ ಹರಳನ್ನೇ ಸಿಮೆಂಟಿಗೆ ಕಲೆಸಿ, ಕೈಯಿಂದ ಎಸೆದೆಸೆದು ಕಟ್ಟಿದರು. ನೆಲದ ಮಣ್ಣಿಂದಲೇ ಎದ್ದು ನಡೆದು ಬಂದ ಹಾಗಿದ್ದಾರೆ ಆ ಜನ. 1956ರ ‘ಮಿಲ್ ಕರೆ’ಯಲ್ಲಿ ಅಕ್ಕಿ ಗಿರಣಿಯ ಕೂಗಿಗೆ ಓಡ್ತಿರೋ ಇಬ್ಬರು ಸಂತಾಲ ಹೆಂಗಸರು. ಒದ್ದೆ ಸೀರೆಯನ್ನು ಗಾಳಿಗೆ ಹಿಡಿದು ಒಣಗಿಸಿಕೊಳ್ತಾನೇ ಓಡ್ತಾರೆ. ಒಣಗಿಸೋಕೆ ಬೇರೆ ಟೈಮ್ ಇಲ್ಲ, ಅಷ್ಟೇ. ಕೂಲಿಗೆ ಹೋದ ತಾಯಂದಿರ ಮಕ್ಕಳಿಗೆ ಆ ಓಟ ಗೊತ್ತು.

ಹಾಗಂತ ಒಂದು ಪ್ರಶ್ನೆ ಕೇಳದೆ ಬಿಡಲ್ಲ. ಮಣಿಪುರದ ರಾಜಮನೆತನದ ಬಿನೋದಿನಿ ಅವರ ಶಿಷ್ಯೆ. ಆಕೆಯ ಚಿತ್ರಕ್ಕೆ ‘ಬಿನೋದಿನಿ’ ಅಂತಲೇ ಹೆಸರು. ಗಿರಣಿಗೆ ಓಡಿದ ಆ ಇಬ್ಬರು ಹೆಂಗಸರ ಹೆಸರು? ಸಂತಾಲ ಹೆಂಗಸರು. ಮುಗೀತು. ಇದಕ್ಕೆ ರಾಮಕಿಂಕರ್ ಒಬ್ಬರನ್ನೇ ಬೈಯೋದು ಸುಲಭ. ಹೆಸರು ಕೇಳಬೇಕು ಅಂತ ಇಡೀ ಕಲಾಲೋಕಕ್ಕೆ ಹೊಳೆಯಲಿಲ್ಲ.

ಇನ್ನೊಂದು ಕತೆ ಎಲ್ಲರೂ ನಗುನಗುತ್ತಾ ಹೇಳ್ತಾರೆ: ಮಳೆಗೆ ಮನೆ ಸೋರಿದರೆ ತಮ್ಮ ತೈಲವರ್ಣದ ಕ್ಯಾನ್ವಾಸನ್ನೇ ಮಾಡಿಗೆ ಹೊದಿಸ್ತಿದ್ದರಂತೆ. ಋತ್ವಿಕ್ ಘಟಕ್ 1975ರಲ್ಲಿ ತೆಗೆಯಲು ಶುರುಮಾಡಿ, ಅವರ ಸಾವಿನಿಂದ ಅರ್ಧಕ್ಕೇ ನಿಂತ ಸಾಕ್ಷ್ಯಚಿತ್ರದಲ್ಲೂ ಈ ಮಾತಿದೆ. ಕಲಾವಿದನ ಹುಚ್ಚಾಟ ಅಂತ ನಗೋರಿಗೆ ನಾನು ಕೇಳೋದಿಷ್ಟೇ: 1970ರಲ್ಲಿ ಪದ್ಮಭೂಷಣ ಕೊಟ್ಟ ದೇಶಕ್ಕೆ ಆ ಮನೆಯ ಹಂಚು ಹೊದೆಸೋಕೆ ಆಗಲಿಲ್ವಾ? ದೆಹಲಿಯ ರಿಸರ್ವ್ ಬ್ಯಾಂಕ್ ಬಾಗಿಲಲ್ಲಿ ಹಣ ಕಾಯೋ ಯಕ್ಷ, ಯಕ್ಷಿಯನ್ನು ಕಲ್ಲಲ್ಲಿ ನಿಲ್ಲಿಸಿದ್ದು ಇದೇ ಮನುಷ್ಯ ಕಣ್ರೀ.

ಮೇಷ್ಟ್ರಾಗಿ ಅವರು ಬಿಟ್ಟು ಹೋದದ್ದು ದೊಡ್ಡದು. ಬಯಲಲ್ಲಿ ನಿಂತು ಮಾಡ್ತಿದ್ದ ಕೆಲಸವೇ ಹುಡುಗರಿಗೆ ಪಾಠ. ಅವರಲ್ಲಿ ಕಲಿತ ಶಂಖೋ ಚೌಧರಿ ಬರೋಡಾದಲ್ಲಿ ಶಿಲ್ಪ ವಿಭಾಗ ಕಟ್ಟಿದರು. ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ ಮುಂದೆ ಶಿಲ್ಪ ಓದಿದ್ದು ಆ ಬರೋಡಾದಲ್ಲೇ. ಬಾಂಕುರಾದ ಸೂತ್ರಧಾರರ ಕೈಗುಣ ಎಲ್ಲೆಲ್ಲಿಗೆ ಹರಿದು ಬಂತು ನೋಡಿ.

ಈಗ ನಮ್ಮ ಮನೆ ಬಾಗಿಲಿಗೇ ಬರೋಣ. ಕೇರಿ ಕೇರಿಯಲ್ಲಿ ಬಾಬಾಸಾಹೇಬರ ಪ್ರತಿಮೆ ನಿಲ್ಲಿಸ್ತೀವಿ, ಚಂದಾ ಎತ್ತಿ, ಪೊಲೀಸರ ಹತ್ರ ಜಗಳ ಆಡಿ. ಪೀಠದ ಕಲ್ಲಲ್ಲಿ ಏನಿರತ್ತೆ? ಉದ್ಘಾಟನೆ ಮಾಡಿದ ಮಂತ್ರಿ, ಶಾಸಕರು, ಪಂಚಾಯ್ತಿ ಅಧ್ಯಕ್ಷರು, ಒಮ್ಮೊಮ್ಮೆ ಕಂಟ್ರಾಕ್ಟರು. ಬಾಬಾಸಾಹೇಬರ ಆ ಬೆರಳು, ಆ ಕೋಟು, ಆ ಪುಸ್ತಕ ಮೂಡಿಸಿದವರ ಹೆಸರು ನಾನಂತೂ ಹುಡುಕಿ ಸಾಕಾಗಿದ್ದೀನಿ. ಗೋಡೆ ಮೇಲೆ ಅವರ ಚಿತ್ರ ಬರೆಯೋ ನಮ್ಮ ಹುಡುಗನನ್ನು ನಾವೂ ‘ಪೇಂಟರ್’ ಅಂತಲೇ ಕರೀತೀವಿ, ‘ಕಲಾವಿದ’ ಅನ್ನಲ್ಲ.

ಮುಂದಿನ ಏಪ್ರಿಲ್ 14ಕ್ಕೆ ಎಲ್ಲೆಲ್ಲಿ ಪ್ರತಿಮೆ ಏಳ್ತಿದೆಯೋ ಆ ಸಮಿತಿಯವರಿಗೆ ಒಂದು ಮನವಿ. ಶಾಸಕರ ಹೆಸರಿನ ಮೇಲೆ, ಅದೇ ಅಳತೆಯ ಅಕ್ಷರದಲ್ಲಿ, ಮಾಡಿದ ಶಿಲ್ಪಿ ಮತ್ತು ಸಹಾಯಕರ ಹೆಸರು, ಊರು ಕೆತ್ತಿಸಿ. ಯಾರಾದರೂ ಈಗಾಗಲೇ ಹಾಗೆ ಮಾಡಿದ್ದರೆ ಆ ಕಲ್ಲಿನ ಫೋಟೋ ಕೆಳಗೆ ಕಾಮೆಂಟಿನಲ್ಲಿ ಹಾಕಿ.